ಬ್ರೂಜ್ ನಗರದ ಮದುವೆಯೂಟ

೧

ಔತಣವೆಂಬುದು ಕೇವಲ ಉದರಭರಣದ ವಿಷಯವಲ್ಲ. ಯಾರನ್ನು ಕರೆದರು, ಯಾರನ್ನು ಬಿಟ್ಟರು, ಅಗ್ರಪೀಠ ಯಾರಿಗೆ ಸಂದಿತು, ಬಡಿಸಿದವರು ಯಾರು, ವೆಚ್ಚದ ಹಣ ಯಾರ ಗಂಟಿನಿಂದ ಬಿಚ್ಚಿತು ಎಂಬಿಷ್ಟನ್ನು ವಿಚಾರಿಸಿ ತಿಳಿದವನಿಗೆ ಒಂದು ಮನೆತನದ ಸ್ಥಿತಿಗತಿಯೆಲ್ಲವೂ ತಿಳಿದಂತೆಯೇ ಸರಿ. ರಾಜ್ಯಗಳ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುತ್ತದೆ. ಇತಿಹಾಸಕಾರರು ಯುದ್ಧಗಳನ್ನೂ ಕೌಲುಕರಾರುಗಳನ್ನೂ ವಿಸ್ತಾರವಾಗಿ ಬರೆದಿಡುತ್ತಾರೆ. ಅಡುಗೆಯ ಮನೆಯ ಬಾಗಿಲನ್ನು ತೆರೆದು ನೋಡುವವರು ವಿರಳ. ಆದರೆ ಅರಸೊತ್ತಿಗೆಯ ಬಲವೂ ದೌರ್ಬಲ್ಯವೂ ಒಟ್ಟಿಗೆ ಕಾಣಿಸಿಕೊಳ್ಳುವ ಸ್ಥಳವು ಎಷ್ಟೋ ವೇಳೆ ಭೋಜನಶಾಲೆಯೇ ಆಗಿರುತ್ತದೆ. ಇದಕ್ಕೆ ನಿದರ್ಶನವಾಗಿ ಕ್ರಿ. ಶ. ೧೪೬೮ನೆಯ ಜುಲೈ ತಿಂಗಳಲ್ಲಿ ಈಗಿನ ಬೆಲ್ಜಿಯಂ ದೇಶಕ್ಕೆ ಸೇರಿದ ಬ್ರೂಜ್ ನಗರದಲ್ಲಿ ನಡೆದ ಒಂದು ಮದುವೆಯ ಔತಣವನ್ನು ವಿಚಾರಿಸಬಹುದು. ಯುರೋಪ್ ಖಂಡದಲ್ಲಿ ಆ ಶತಮಾನದವರು ಕಂಡ ಔತಣಗಳಲ್ಲಿ ಇದಕ್ಕೆ ಸಮನಾದುದು ದುರ್ಲಭವೆಂದು ಅಂದು ಕಂಡವರೇ ಬರೆದಿಟ್ಟಿದ್ದಾರೆ.

ಆ ಕಾಲದಲ್ಲಿ ಬೆಲ್ಜಿಯಂ ಎಂಬ ರಾಜ್ಯವೇ ಇರಲಿಲ್ಲ. ಅದು ಹುಟ್ಟಿದುದು ೧೮೩೦ರಲ್ಲಿ. ಬ್ರೂಜ್ ನಗರವು ಫ್ಲಾಂಡರ್ಸ್ ಎಂಬ ಸೀಮೆಗೆ ಸೇರಿದ್ದಿತು. ಆ ಸೀಮೆಯು ಬರ್ಗಂಡಿಯ ಡ್ಯೂಕರ ವಶದಲ್ಲಿದ್ದಿತು. ಡ್ಯೂಕರು ಹೆಸರಿಗೆ ಫ್ರಾನ್ಸಿನ ದೊರೆಗೆ ಅಧೀನರಾದ ಮಾಂಡಲಿಕರು. ಐಶ್ವರ್ಯದಲ್ಲಿಯಾದರೋ ತಮ್ಮ ಒಡೆಯನಿಗೆ ಕಡಮೆಯಿಲ್ಲದವರು. ಆ ಐಶ್ವರ್ಯಕ್ಕೆ ಮೂಲವು ಫ್ಲಾಂಡರ್ಸಿನ ಪಟ್ಟಣಗಳು, ಅವುಗಳಲ್ಲಿಯೂ ವಿಶೇಷವಾಗಿ ಬ್ರೂಜ್. ೧೧೩೪ರಲ್ಲಿ ಎದ್ದ ಒಂದು ಭಾರಿ ಬಿರುಗಾಳಿಯಿಂದ ಸಮುದ್ರವು ನೆಲವನ್ನು ಕೊರೆದು, ಜ್ವಿನ್ ಎಂಬ ಹಿನ್ನೀರಿನ ದಾರಿಯು ಆ ಊರಿನ ಕಡೆಗೆ ತೆರೆಯಿತು. ಆ ದಾರಿಯ ತುದಿಯಲ್ಲಿ ಡಾಮ್ಮೆ ಎಂಬ ರೇವುಪಟ್ಟಣವು ಬೆಳೆಯಿತು. ಡಾಮ್ಮೆಯಿಂದ ಬ್ರೂಜಿಗೆ ಕಾಲುವೆಯು ತೋಡಲ್ಪಟ್ಟಿತು. ಇಂಗ್ಲೆಂಡಿನ ಉಣ್ಣೆ, ಜರ್ಮನಿಯವರ ಮೇಣ ಮತ್ತು ತುಪ್ಪುಳು, ಸ್ಪೇನಿನ ಹಣ್ಣು, ಇಟಲಿಯವರ ರೇಷ್ಮೆ ಮತ್ತು ಸಂಬಾರ ಎಲ್ಲವೂ ಆ ಕಾಲುವೆಯಲ್ಲಿ ತೇಲಿಬಂದು ಬ್ರೂಜಿನ ಉಗ್ರಾಣಗಳನ್ನು ಸೇರುತ್ತಿದ್ದವು.

ಊರಿಗೆ ಬಂದ ಪರದೇಶದ ವರ್ತಕನು ಮೊದಲು ಕಾಣುತ್ತಿದ್ದುದು ಛತ್ರದ ಯಜಮಾನನನ್ನು. ಈ ಯಜಮಾನನು ಊಟವಸತಿಗಳನ್ನು ಒದಗಿಸುವುದರ ಜೊತೆಗೆ, ಬಂದವನ ಸರಕನ್ನು ತನ್ನ ನೆಲಮಾಳಿಗೆಯಲ್ಲಿ ಇಡಿಸಿಕೊಂಡು, ಕೊಳ್ಳುವವನನ್ನು ಹುಡುಕಿಕೊಟ್ಟು, ಹಣಕ್ಕೆ ಹೊಣೆಯಾಗಿಯೂ ನಿಲ್ಲುತ್ತಿದ್ದನು. ವಾನ್ ಡೆರ್ ಬೂರ್ಸೆ ಎಂಬ ಮನೆತನದವರು ನಡೆಸುತ್ತಿದ್ದ ಅಂತಹ ಒಂದು ಛತ್ರದ ಮುಂದಣ ಅಂಗಳದಲ್ಲಿ ವರ್ತಕರು ಕೂಡಿ ಹುಂಡಿಗಳ ವ್ಯವಹಾರವನ್ನು ಮಾಡುತ್ತಿದ್ದುದರಿಂದ, ಆ ಮನೆತನದ ಹೆಸರೇ ಯುರೋಪಿನ ಹಲವು ಭಾಷೆಗಳಲ್ಲಿ ಹಣದ ಪೇಟೆಗೆ ಹೆಸರಾಗಿ ನಿಂತಿತು. ಉಣ್ಣುವ ಸ್ಥಳವೇ ವ್ಯಾಪಾರದ ಸ್ಥಳವಾಗಿದ್ದ ಊರಿನಲ್ಲಿ, ರಾಜಕಾರ್ಯವು ಊಟದ ಮೇಜಿನ ಮೇಲೆ ನಡೆದುದು ಸೋಜಿಗವಲ್ಲ.

೨

೧೪೬೭ರಲ್ಲಿ ಪಟ್ಟಕ್ಕೆ ಬಂದ ಡ್ಯೂಕನ ಹೆಸರು ಚಾರ್ಲ್ಸ್. ಇತಿಹಾಸದಲ್ಲಿ ಇವನಿಗೆ ಸಾಹಸಿಯೆಂಬ ಬಿರುದಿದೆ. ಹುಟ್ಟಿದುದು ೧೪೩೩ರಲ್ಲಿ, ಇಬ್ಬರು ಪತ್ನಿಯರು ಗತಿಸಿದ್ದರು, ಎರಡನೆಯವಳಲ್ಲಿ ಹುಟ್ಟಿದ ಮೇರಿ ಎಂಬ ಹನ್ನೊಂದು ವರ್ಷದ ಮಗಳೊಬ್ಬಳು ಮಾತ್ರ ಸಂತಾನ. ಫ್ರಾನ್ಸಿನ ದೊರೆ ಹನ್ನೊಂದನೆಯ ಲೂಯಿಯ ಮೇಲಣ ಹಗೆಯಿಂದ ಚಾರ್ಲ್ಸನು ಇಂಗ್ಲೆಂಡಿನ ನಂಟನ್ನು ಬಯಸಿದನು. ಇಂಗ್ಲೆಂಡಿನ ದೊರೆ ನಾಲ್ಕನೆಯ ಎಡ್ವರ್ಡನಿಗೆ ಮಾರ್ಗರೇಟ್ ಎಂಬ ತಂಗಿಯಿದ್ದಳು. ೧೪೪೬ರಲ್ಲಿ ಜನಿಸಿದವಳು, ಇಪ್ಪತ್ತೆರಡು ವರ್ಷದ ಪ್ರಾಯದವಳು. ಈ ಸಂಬಂಧವನ್ನು ತಪ್ಪಿಸಲು ಲೂಯಿಯು ತನ್ನಿಂದಾದ ಉಪಾಯಗಳನ್ನೆಲ್ಲ ಮಾಡಿದನು. ವಧುವರರು ದೂರದ ಬಂಧುಗಳಾಗಿದ್ದುದರಿಂದ ಪೋಪನ ಅನುಮತಿಯೂ ಬೇಕಾಗಿದ್ದಿತು. ಇವೆಲ್ಲಕ್ಕಿಂತಲೂ ದೊಡ್ಡ ತೊಡಕು ವರದಕ್ಷಿಣೆಯದು. ಎರಡು ಲಕ್ಷ ಕ್ರೌನ್ ನಾಣ್ಯಗಳು ಗೊತ್ತಾಗಿದ್ದವು. ಅದರಲ್ಲಿ ಐವತ್ತು ಸಾವಿರವನ್ನು ಮದುವೆಯ ಕಾಲದಲ್ಲಿಯೇ ಸಲ್ಲಿಸಬೇಕಾಗಿದ್ದಿತು. ಎಡ್ವರ್ಡನ ಬೊಕ್ಕಸದಲ್ಲಿ ಆ ಹಣವಿರಲಿಲ್ಲ. ಸಾಲಸೋಲಗಳನ್ನು ಮಾಡಿ ಮೊದಲ ಕಂತನ್ನು ಹೊಂದಿಸುವಷ್ಟರಲ್ಲಿ ಮುಹೂರ್ತವು ಮುಂದಕ್ಕೆ ಹೋಯಿತು. ಉಳಿದುದು ಪೂರ್ತಿಯಾಗಿ ಸಲ್ಲಲೇ ಇಲ್ಲ. ಹೆಣ್ಣಿನ ಕಡೆಯವರಿಗೆ ಹಣದ ಚಿಂತೆ ಎಲ್ಲ ದೇಶದಲ್ಲಿಯೂ ಒಂದೇ ಬಗೆಯೆಂದು ಹೇಳಬೇಕು.

ಮಾರ್ಗರೇಟಳ ಹಡಗು ಜೂನ್ ೨೫ರಂದು ಸ್ಲೂಯಿಸ್ ಎಂಬ ರೇವನ್ನು ಮುಟ್ಟಿತು. ಮರುದಿನ ಅತ್ತೆಯಾದ ವೃದ್ಧ ಇಸಾಬೆಲ್ಲಳು ಸೊಸೆಯನ್ನು ನೋಡಲು ಬಂದಳು. ಈ ಇಸಾಬೆಲ್ಲಳೂ ಮೂವತ್ತೆಂಟು ವರ್ಷಗಳ ಹಿಂದೆ ಪೋರ್ಚುಗಲ್ ದೇಶದಿಂದ ಇದೇ ಸಮುದ್ರದ ದಾರಿಯಾಗಿ ಬಂದು, ೧೪೩೦ರ ಜನವರಿಯಲ್ಲಿ ಇದೇ ಸ್ಲೂಯಿಸಿನಲ್ಲಿ ಮದುವೆಯಾಗಿ, ಇದೇ ಬ್ರೂಜನ್ನು ಹೊಕ್ಕವಳು. ಆಗ ಅರಮನೆಯ ಬಾಗಿಲಲ್ಲಿ ನಿಲ್ಲಿಸಿದ್ದ ಸಿಂಹದ ಬೊಂಬೆಯಿಂದ ದ್ರಾಕ್ಷಾರಸವು ಸುರಿಯುತ್ತಿದ್ದುದನ್ನು ಕಂಡವರು ಇನ್ನೂ ಊರಿನಲ್ಲಿದ್ದಿರಬೇಕು. ಆ ತಲೆಯ ಔತಣವನ್ನು ಈ ತಲೆಯ ಔತಣವು ಮೀರಿಸಬೇಕೆಂಬುದು ಚಾರ್ಲ್ಸನ ಹಟ.

ಜುಲೈ ೩, ಭಾನುವಾರ. ಬೆಳಗಿನ ಜಾವ ಐದಾರು ಗಂಟೆಯ ಸಮಯದಲ್ಲಿ ಡಾಮ್ಮೆಯ ಒಬ್ಬ ಅಧಿಕಾರಿಯ ಮನೆಯಲ್ಲಿ, ಇಂಗ್ಲೆಂಡಿನ ಸಾಲ್ಸ್‌ಬರಿಯ ಬಿಷಪ್ಪನ ಪೌರೋಹಿತ್ಯದಲ್ಲಿ ವಿವಾಹವು ಆಡಂಬರವಿಲ್ಲದೆ ನಡೆಯಿತು. ಆಡಂಬರವೆಲ್ಲವೂ ಮೆರವಣಿಗೆಗೂ ಊಟಕ್ಕೂ ಮೀಸಲಾಗಿದ್ದಿತು. ವರನು ಮುಂದಾಗಿ ಬ್ರೂಜಿಗೆ ಹೊರಟುಹೋದನು. ವಧುವನ್ನು ಹೊನ್ನಿನ ಬಟ್ಟೆಯಿಂದ ಅಲಂಕರಿಸಿದ, ಹಿಂದೆ ಮುಂದೆ ಕುದುರೆಗಳನ್ನು ಹೂಡಿದ ಪಲ್ಲಕ್ಕಿಯಲ್ಲಿ ಕುಳ್ಳಿರಿಸಿದರು. ಆಳುಗಳ ಹೆಗಲಿಗೆ ಬದಲಾಗಿ ಕುದುರೆಗಳ ಬೆನ್ನೇ ದಂಡಿಗೆಯನ್ನು ಹೊರುವುದು ಆ ದೇಶದ ಪದ್ಧತಿ. ಗಾಲಿಯ ಬಂಡಿಗಳ ಕುಲುಕಾಟವನ್ನು ತಾಳಲಾರದ ರಾಜಸ್ತ್ರೀಯರಿಗೆ ಅಂದು ಇದಕ್ಕಿಂತ ಸುಖವಾದ ವಾಹನವಿರಲಿಲ್ಲ. ವಧುವು ಬಿಳಿಯ ಜರತಾರಿಯ ಉಡುಪನ್ನು ಧರಿಸಿ, ತಲೆಗೂದಲನ್ನು ಇಳಿಯಬಿಟ್ಟು, ಕಿರೀಟವನ್ನು ತೊಟ್ಟಿದ್ದಳು. ಅಂದು ಮಳೆಯು ಹುಯ್ಯುತ್ತಿದ್ದಿತು. ಆದರೂ ಪಲ್ಲಕ್ಕಿಯ ತೆರೆಯನ್ನು ಮುಚ್ಚಲಿಲ್ಲ. ಪ್ರಜೆಗಳು ತಮ್ಮ ಒಡತಿಯನ್ನು ನೋಡಬೇಕೆಂದು ಅವಳು ನೆನೆದುಕೊಂಡೇ ಸಾಗಿದಳು.

ಪವಿತ್ರ ಶಿಲುಬೆಯ ಹೆಬ್ಬಾಗಿಲಿನಿಂದ ಮೆರವಣಿಗೆಯು ಊರನ್ನು ಹೊಕ್ಕಿತು. ಪರದೇಶದ ವರ್ತಕರ ಪಂಗಡಗಳು ತಂತಮ್ಮ ಸಮವಸ್ತ್ರಗಳಲ್ಲಿ, ಪಂಜಿನವರನ್ನು ಮುಂದಿಟ್ಟುಕೊಂಡು ನಡೆದವು. ವೆನಿಸ್ಸಿನವರು, ಫ್ಲಾರೆನ್ಸಿನವರು, ಸ್ಪೇನಿನವರು, ಜಿನೋವಾದವರು, ಜರ್ಮನಿಯ ವರ್ತಕಸಂಘದವರು, ಹೀಗೆ ಸರದಿ. ಫ್ಲಾರೆನ್ಸಿನವರಿಗೆ ನಾಯಕನಾಗಿ ನಡೆದವನು ಮೆಡಿಚಿ ಮನೆತನದ ಸಾಹುಕಾರಿ ಕೋಠಿಯ ಮುಖ್ಯಸ್ಥನಾದ ಟೊಮ್ಮಾಸೊ ಪೋರ್ತಿನಾರಿ. ಈತನ ಹೆಸರನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು; ಮುಂದೆ ಪ್ರಯೋಜನಕ್ಕೆ ಬರುತ್ತದೆ. ಬೀದಿಬೀದಿಗಳಲ್ಲಿ ಅಟ್ಟಗಳನ್ನು ಕಟ್ಟಿ ಬೈಬಲ್ಲಿನ ಮತ್ತು ಪುರಾಣದ ಕಥೆಗಳನ್ನು ಅಭಿನಯಿಸುತ್ತಿದ್ದರು. ಅರಮನೆಯ ಬಾಗಿಲಲ್ಲಿ ಇಬ್ಬರು ಬಿಲ್ಲಾಳುಗಳ ಪ್ರತಿಮೆಗಳಿದ್ದವು: ಒಬ್ಬನ ಬಿಲ್ಲಿನಿಂದ ಬೋನ್ ಪ್ರಾಂತದ ದ್ರಾಕ್ಷಾರಸವೂ ಇನ್ನೊಬ್ಬನದರಿಂದ ರೈನ್ ನದಿಯ ದಂಡೆಯ ದ್ರಾಕ್ಷಾರಸವೂ ಕಲ್ಲಿನ ತೊಟ್ಟಿಗಳಿಗೆ ಸುರಿಯುತ್ತಿದ್ದವು. ಬೇಕಾದವರು ಬಂದು ಕುಡಿಯಬಹುದಾಗಿದ್ದಿತು. ಊರಿನ ಸಾಮಾನ್ಯ ಜನರಿಗೆ ಆ ಮದುವೆಯಲ್ಲಿ ದಕ್ಕಿದ ಪಾಲು ಇದೇ. ಅರಮನೆಯ ಅಂಗಳದೊಳಗೆ ಹೊನ್ನಿನ ಪೆಲಿಕನ್ ಹಕ್ಕಿಯೊಂದು ತನ್ನ ಎದೆಯಿಂದ ಸಂಬಾರ ಬೆರೆಸಿದ ಸಿಹಿಯಾದ ದ್ರಾಕ್ಷಾರಸವನ್ನು ಸುರಿಸುತ್ತಿದ್ದಿತು. ಅದು ಒಳಗೆ ಬರಲು ಅಧಿಕಾರವುಳ್ಳವರಿಗೆ.

೩

ಅರಮನೆಯ ಹೆಸರು ಪ್ರಿನ್ಸೆನ್‌ಹೋಫ್. ಅದರ ಚಾವಡಿಗಳು ಇಷ್ಟು ಜನಕ್ಕೆ ಸಾಲದಾದುದರಿಂದ, ಚೆಂಡಾಟದ ಅಂಗಳದಲ್ಲಿ ಮರದ ದೊಡ್ಡ ಭೋಜನಶಾಲೆಯೊಂದನ್ನು ನಿಲ್ಲಿಸಿದರು. ಅದರ ಮರಗೆಲಸವು ಬ್ರಸೆಲ್ಸಿನಲ್ಲಿ ನಡೆದು, ಭಾಗಭಾಗವಾಗಿ ಜಲಮಾರ್ಗದಲ್ಲಿ ಬಂದು ಇಲ್ಲಿ ಜೋಡಣೆಯಾಯಿತು. ಉದ್ದ ೧೪೦ ಅಡಿ, ಅಗಲ ೭೦ ಅಡಿ. ಗೋಡೆಗಳಿಗೆಲ್ಲ ಚಿತ್ರಗಳನ್ನು ನೆಯ್ದ ಜಮಖಾನೆಗಳು. ಮೇಲೆ ಕೋಟೆಯ ಆಕಾರದ ತೂಗುದೀಪಗಳು. ಅವುಗಳ ಕೆಳಗೆ ಉಣ್ಣುವವರ ಬಿಂಬಗಳು ಕಾಣುವಂತೆ ಕನ್ನಡಿಗಳು. ನಡುವೆ ಮೆಟ್ಟಿಲುಮೆಟ್ಟಿಲಾಗಿ ಚಿನ್ನ ಬೆಳ್ಳಿಯ ಪಾತ್ರೆಗಳನ್ನು ಜೋಡಿಸಿದ ಒಂದು ಅಟ್ಟಣೆ. ಆ ಪಾತ್ರೆಗಳಲ್ಲಿ ಒಂದನ್ನೂ ಬಳಸಲಿಲ್ಲ. ಬಡಿಸಲು ಬೇರೆಯ ಚಿನ್ನ ಬೆಳ್ಳಿಯ ಪಾತ್ರೆಗಳಿದ್ದವು. ಇಷ್ಟು ಇದ್ದೂ ಇನ್ನಷ್ಟು ಉಂಟೆಂದು ಇಂಗ್ಲೆಂಡಿನ ಅತಿಥಿಗಳಿಗೆ ತೋರಿಸುವುದೇ ಆ ಅಟ್ಟಣೆಯ ಪ್ರಯೋಜನ.

ಈ ಅಲಂಕಾರಗಳಿಗಾಗಿ ನಾಡಿನ ಮೂಲೆಮೂಲೆಗಳಿಂದ ಚಿತ್ರಕಾರರನ್ನೂ ಬಡಗಿಗಳನ್ನೂ ಕರೆಯಿಸಿದ್ದರು. ಗೆಂಟ್ ನಗರದಿಂದ ಬಂದ ಹ್ಯೂಗೊ ವಾನ್ ಡೆರ್ ಗೂಸ್, ಟೂರ್ನೆಯಿಂದ ಬಂದ ಜಾಕ್ ದಾರೆ ಮೊದಲಾದವರು ದಿನಗೂಲಿಯ ಲೆಕ್ಕದಲ್ಲಿ ದುಡಿದರೆಂದು ಅಂದಿನ ವೆಚ್ಚದ ಕಡತಗಳು ತಿಳಿಸುತ್ತವೆ. ಇವರ ಪೈಕಿ ಹ್ಯೂಗೊ ಎಂಬವನು ಯುರೋಪಿನ ಚಿತ್ರಕಲೆಯಲ್ಲಿ ಚಿರಸ್ಥಾಯಿಯಾದ ಕೀರ್ತಿಯನ್ನು ಪಡೆದವನು. ಅಂತಹವನ ಕೈಯೂ ಹತ್ತು ದಿನದಲ್ಲಿ ಕಿತ್ತೊಗೆಯುವ ಬಣ್ಣದ ಹಲಗೆಗಳಿಗಾಗಿ ದುಡಿಯಿತು.

ಅಡುಗೆಯ ವಿಷಯ. ಕಾಲವನ್ನು ವಾಚಕರು ಮರೆಯಬಾರದು. ಅಮೆರಿಕಾ ಖಂಡವು ಇನ್ನೂ ಯುರೋಪಿನವರ ಕಣ್ಣಿಗೆ ಬಿದ್ದಿರಲಿಲ್ಲ. ಆದುದರಿಂದ ಆ ಔತಣದಲ್ಲಿ ಆಲೂಗೆಡ್ಡೆಯಿಲ್ಲ, ಟೊಮೇಟೊ ಇಲ್ಲ, ಮೆಣಸಿನಕಾಯಿಯಿಲ್ಲ; ಇಂದು ಬೆಲ್ಜಿಯಂ ದೇಶಕ್ಕೆ ಹೆಸರು ತಂದಿರುವ ಚಾಕೊಲೇಟ್ ಸಹ ಇಲ್ಲ. ರಾಜಭೋಜನದ ಮುಖ್ಯಭಾಗವು ಮಾಂಸ, ಮೀನು, ಬೇಟೆಯ ಹಕ್ಕಿಗಳು. ಹಂಸವೂ ನವಿಲೂ ಆ ಕಾಲದ ಅರಸರ ಮೇಜಿಗೆ ಭೂಷಣಗಳು. ಇದನ್ನು ಕೇಳಿ ಕೆಲವು ಮನೆಗಳ ವಾಚಕರು ಮುಖವನ್ನು ಸಿಂಡರಿಸಿದರೆ ತಪ್ಪಿಲ್ಲ; ಆದರೆ ದೇಶಾಚಾರವು ಬೇರೆ, ಇತಿಹಾಸವು ಎಲ್ಲವನ್ನೂ ಬರೆಯಲೇಬೇಕು. ಮುಳ್ಳುಚಮಚದ ಬಳಕೆಯಿರಲಿಲ್ಲ, ಚೂರಿಯಿಂದ ಕೊಯ್ದುದನ್ನು ಬೆರಳಿನಿಂದಲೇ ಉಣ್ಣುತ್ತಿದ್ದರು, ಅದಕ್ಕಾಗಿ ಊಟದ ಮೊದಲೂ ಕೊನೆಯೂ ಕೈತೊಳೆಯುವ ವಿಧಿಯು ಕಟ್ಟುನಿಟ್ಟಾಗಿದ್ದಿತು. ತಟ್ಟೆಯ ಸ್ಥಾನದಲ್ಲಿ ಹಳಸಿದ ರೊಟ್ಟಿಯ ದಪ್ಪನಾದ ಹೋಳನ್ನು ಇಡುವುದು ರೂಢಿ. ಎಲೆಯಂತೆಯೇ ಅದೂ ಒಂದು ಊಟಕ್ಕೆ ಮಾತ್ರ. ಆದರೆ ಸಾರು ಹೀರಿದ ಆ ಹೋಳುಗಳನ್ನು ಎಸೆಯುತ್ತಿರಲಿಲ್ಲ. ದಾನದ ಅಧಿಕಾರಿಯು ಅವುಗಳನ್ನು ಕೂಡಿಸಿ ಬಾಗಿಲಲ್ಲಿ ಕಾದಿರುವ ಬಡವರಿಗೆ ಹಂಚಿಸುತ್ತಿದ್ದನು.

ಮೊದಲ ರಾತ್ರಿಯ ಮೇಜಿನ ಮೇಲೆ ಮೂವತ್ತು ಹಡಗುಗಳು ನಿಂತಿದ್ದವು. ಹಾಯಿ, ಹಗ್ಗ, ಬಾವುಟಗಳೊಡನೆ ಬಣ್ಣ ಬಳಿದ ಈ ಹಡಗುಗಳ ಒಡಲಲ್ಲಿ ಸುಟ್ಟ ಮಾಂಸವನ್ನು ತುಂಬಿದ್ದರು. ಒಂದೊಂದು ಹಡಗಿಗೂ ಡ್ಯೂಕನ ಒಂದೊಂದು ಸೀಮೆಯ ಹೆಸರು, ಆ ಸೀಮೆಯ ಲಾಂಛನ. ಸುತ್ತಲೂ ಚಿಕ್ಕ ದೋಣಿಗಳಲ್ಲಿ ಹಣ್ಣು, ಸಂಬಾರ. ಅವುಗಳ ಜೊತೆಗೆ ಕೋಟೆಯ ಆಕಾರದಲ್ಲಿ ಮುಚ್ಚಿಟ್ಟ ಕಡುಬುಗಳು. ಅವುಗಳ ಮೇಲೆ ಡ್ಯೂಕನಿಗೆ ಅಧೀನವಾದ ಪಟ್ಟಣಗಳ ಹೆಸರುಗಳು. ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯದ ಸೀಮೆಗಳೆಲ್ಲವೂ ಮಾಂಸವನ್ನು ಹೊತ್ತುಕೊಂಡು ಒಡೆಯನ ಮೇಜಿಗೆ ಬಂದಿವೆ. ಪಟ್ಟಣಗಳೆಲ್ಲವೂ ಬೆಂದು ಬಡಿಸಲು ಸಿದ್ಧವಾಗಿವೆ. ಅಂದು ಆ ಕಡುಬುಗಳನ್ನು ಸವಿದವರು ಇದನ್ನು ವಿನೋದವೆಂದು ಭಾವಿಸಿರಬಹುದು. ಆ ಪಟ್ಟಣಗಳ ನಿವಾಸಿಗಳು ಹಾಗೆ ಭಾವಿಸಲಿಲ್ಲವೆಂಬುದು ಮುಂದೆ ಗೊತ್ತಾಯಿತು.

ಊಟದ ನಡುನಡುವೆ ನೋಟಗಳು. ಕುದುರೆಯಷ್ಟು ದೊಡ್ಡದಾದ ಒಂಟಿಕೊಂಬಿನ ಮೃಗವೊಂದು ಒಳಗೆ ಬಂದಿತು. ಅದರ ಬೆನ್ನ ಮೇಲೆ ಚಿರತೆ. ಚಿರತೆಯ ಒಂದು ಕೈಯಲ್ಲಿ ಇಂಗ್ಲೆಂಡಿನ ಬಾವುಟ, ಇನ್ನೊಂದರಲ್ಲಿ ಒಂದು ಹೂವು. ಫ್ರೆಂಚ್ ಭಾಷೆಯಲ್ಲಿ ಆ ಹೂವಿನ ಹೆಸರೂ ಮಾರ್ಗರೇಟ್ ಎಂದೇ ಆದುದರಿಂದ, ಅದನ್ನು ಡ್ಯೂಕನ ಕೈಗೆ ಕೊಟ್ಟುದು ಶ್ಲೇಷೆ. ಆಮೇಲೆ ಹೊನ್ನಿನ ಸಿಂಹವೊಂದು ಹಾಡುತ್ತ ಬಂದಿತು. ಅದರ ಮೇಲೆ ರಾಜಪುತ್ರಿ ಮೇರಿಯ ಪರಿವಾರದ ಕುಬ್ಜಳೊಬ್ಬಳು ಕುರಿಕಾಯುವವಳ ವೇಷದಲ್ಲಿ ಕುಳಿತಿದ್ದಳು. ಮುಂದಿನ ರಾತ್ರಿಗಳಲ್ಲಿ ಗ್ರೀಕರ ವೀರನಾದ ಹರ್ಕ್ಯುಲೀಸನ ಹನ್ನೆರಡು ಸಾಹಸಗಳನ್ನು ನಾಲ್ಕು ನಾಲ್ಕಾಗಿ ಆಡಿ ತೋರಿಸಿದರು. ಕೊನೆಯ ರಾತ್ರಿ ಅರುವತ್ತು ಅಡಿ ಉದ್ದದ ತಿಮಿಂಗಿಲವೊಂದನ್ನು ಇಬ್ಬರು ದೈತ್ಯರು ಕರೆತಂದರು. ಅದರ ಕಣ್ಣುಗಳು ದೊಡ್ಡ ಕನ್ನಡಿಗಳು. ರೆಕ್ಕೆ ಬಾಲಗಳು ಆಡುತ್ತಿದ್ದವು. ಬಾಯಿ ತೆರೆದಾಗ ಮತ್ಸ್ಯಕನ್ಯೆಯರು ಹೊರಬಂದು ಹಾಡಿದರು. ಹಗಲಿನಲ್ಲಿ ಊರಿನ ದೊಡ್ಡ ಪೇಟೆಯ ಚೌಕದಲ್ಲಿ ಹೊನ್ನಿನ ಮರವೊಂದನ್ನು ನೆಟ್ಟು, ಅದರ ಮುಂದೆ ವೀರರು ಕುದುರೆಯ ಮೇಲೆ ಈಟಿಯ ಕಾಳಗವನ್ನಾಡಿದರು. ವಧುವಿನ ಪರಿವಾರದಲ್ಲಿ ಬಂದಿದ್ದ ಜಾನ್ ಪ್ಯಾಸ್ಟನ್ ಎಂಬ ಇಂಗ್ಲಿಷ್ ತರುಣನು ಜುಲೈ ೮ರಂದು ತನ್ನ ತಾಯಿಗೆ ಬರೆದ ಕಾಗದವು ಇಂದಿಗೂ ಉಳಿದಿದೆ. ಕಥೆಗಳಲ್ಲಿ ಬರುವ ಆರ್ಥರ್ ದೊರೆಯ ಆಸ್ಥಾನವನ್ನು ಬಿಟ್ಟರೆ ಇದಕ್ಕೆ ಎಣೆಯಾದುದನ್ನು ತಾನು ಕೇಳಿಲ್ಲವೆಂಬುದು ಆ ಕಾಗದದ ತಾತ್ಪರ್ಯ.

೪

ಇಷ್ಟೆಲ್ಲವನ್ನೂ ನಡೆಸಿ, ಬರೆದಿಟ್ಟ ಪುಣ್ಯಾತ್ಮನು ಒಲಿವಿಯೆ ದ ಲ ಮಾರ್ಷ್ ಎಂಬ ಅರಮನೆಯ ಮನೆವಾರ್ತೆಯ ಅಧಿಕಾರಿ. ಬ್ರಿಟನಿಯ ಡ್ಯೂಕನ ಮನೆಯಲ್ಲಿ ಅದೇ ಉದ್ಯೋಗದಲ್ಲಿದ್ದ ತನ್ನ ಸ್ನೇಹಿತನಿಗೆ ಇವನು ಮದುವೆಯ ಸಮಸ್ತ ವಿವರವನ್ನೂ ಬರೆದು ಕಳುಹಿಸಿದನು. ಆರು ವರ್ಷಗಳ ತರುವಾಯ, ೧೪೭೪ರಲ್ಲಿ, ಚಾರ್ಲ್ಸನ ಅರಮನೆಯ ಊಳಿಗದ ಕ್ರಮವನ್ನು ವಿವರಿಸುವ ಇನ್ನೊಂದು ಗ್ರಂಥವನ್ನೂ ರಚಿಸಿದನು. ಸೂತ್ರಗ್ರಂಥಗಳನ್ನು ಓದಿದವರಿಗೆ ಈ ಗ್ರಂಥದ ಧೋರಣೆಯು ಪರಿಚಿತವೆನಿಸುವುದು. ಪೂರ್ವಪಕ್ಷ, ಸಂಶಯ, ಸಮಾಧಾನ ಎಲ್ಲವೂ ಅದರಲ್ಲುಂಟು.

ರೊಟ್ಟಿಯನ್ನು ತರುವವನಿಗೂ ಪಾನಪಾತ್ರೆಯನ್ನು ಹಿಡಿಯುವವನಿಗೂ, ಮಾಂಸವನ್ನು ಕೊಯ್ಯುವವನಿಗಿಂತಲೂ ಅಡುಗೆಯವನಿಗಿಂತಲೂ ಮೇಲಾದ ಸ್ಥಾನವೇಕೆ? ಕ್ರೈಸ್ತರ ಪೂಜೆಯಲ್ಲಿ ರೊಟ್ಟಿಯೂ ದ್ರಾಕ್ಷಾರಸವೂ ಪವಿತ್ರದ್ರವ್ಯಗಳಾದುದರಿಂದ ಅವುಗಳನ್ನು ಮುಟ್ಟುವವನೇ ಶ್ರೇಷ್ಠನೆಂದು ಸಮಾಧಾನ. ಮುಖ್ಯ ಅಡುಗೆಯವನು ಇಲ್ಲದಾಗ ಅವನ ಸ್ಥಾನವನ್ನು ಯಾರು ವಹಿಸಬೇಕೆಂಬುದೂ ಒಂದು ಗಹನವಾದ ಪ್ರಶ್ನೆ. ಮುಖ್ಯ ಅಡುಗೆಯವನು ಬಡಿಸುವ ಕಟ್ಟೆಗೂ ಒಲೆಗೂ ನಡುವೆ, ಪಾಕಶಾಲೆಯೆಲ್ಲವೂ ಕಾಣುವಂತೆ ಎತ್ತರದ ಪೀಠದ ಮೇಲೆ ಕುಳಿತಿರಬೇಕು. ಅವನ ಕೈಯಲ್ಲಿ ದೊಡ್ಡದೊಂದು ಮರದ ಸೌಟಿರಬೇಕು. ಸೌಟಿಗೆ ಎರಡು ಪ್ರಯೋಜನಗಳು: ಸಾರಿನ ರುಚಿಯನ್ನು ನೋಡುವುದೊಂದು, ಅಡುಗೆಯ ಮನೆಯ ಹುಡುಗರನ್ನು ಕೆಲಸಕ್ಕೆ ಅಟ್ಟುವುದು, ಬೇಕಾದರೆ ಬಡಿಯುವುದು ಇನ್ನೊಂದು. ಹಾಲೆಂಡಿನ ಇತಿಹಾಸಕಾರನಾದ ಯೋಹಾನ್ ಹಾಯ್‌ಜಿಂಗನು ೧೯೧೯ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಈ ಸೌಟನ್ನು ನೆನೆದಿದ್ದಾನೆ. ಊಟವೇ ಪೂಜೆಯಂತೆ ಆಗಿಹೋದ ಆಸ್ಥಾನವಿದೆಂಬುದು ಅವನ ಅಭಿಪ್ರಾಯ.

ಈ ಪೂಜೆಯ ಹಿಂದೆ ಭಯವೂ ಇದ್ದಿತು. ಅರಸನ ಮುಂದೆ ಇಡುವ ಪ್ರತಿಯೊಂದನ್ನೂ ಮೊದಲು ಸೇವಕರು ರುಚಿ ನೋಡಿ ಪರೀಕ್ಷಿಸಬೇಕು. ಒಂಟಿಕೊಂಬಿನ ಮೃಗದ ಕೊಂಬೆಂದು ನಂಬಿದ್ದ ವಸ್ತುವನ್ನು ಮುಟ್ಟಿಸಿ ವಿಷಪರೀಕ್ಷೆಯನ್ನು ಮಾಡಬೇಕು. ಆ ಕೊಂಬು ನಿಜವಾಗಿ ಉತ್ತರಸಮುದ್ರದ ನಾರ್ವಾಲ್ ಎಂಬ ಜಲಚರದ ದಂತ. ವಿಷವನ್ನು ಕಂಡುಹಿಡಿಯುವ ಶಕ್ತಿ ಅದಕ್ಕಿಲ್ಲ. ಸಾವಿರ ಜನ ಕಾದುನಿಂತಿರುವಾಗಲೂ ತುತ್ತನ್ನು ನಿರ್ಭಯವಾಗಿ ಉಣ್ಣಲಾರದವನ ವೈಭವವು ಎಂತಹುದೆಂಬುದನ್ನು ವಾಚಕರೇ ಆಲೋಚಿಸಬಹುದು.

ಆ ಪಾಕಶಾಲೆಯ ಸಂಬಾರಗಳಲ್ಲಿ ಕನ್ನಡ ನಾಡಿನ ಸಂಬಂಧವೂ ಒಂದು ಎಳೆಯಷ್ಟು ಉಂಟು. ಕರಿಮೆಣಸು ಆಗ ಬೆಳೆದು ಯುರೋಪಿಗೆ ಹೋಗುತ್ತಿದ್ದುದು ಮುಖ್ಯವಾಗಿ ಭಾರತದ ಪಶ್ಚಿಮಘಟ್ಟಗಳ ತಪ್ಪಲಿನಿಂದ, ಮಲೆಯಾಳ ಮತ್ತು ಕನ್ನಡ ಕರಾವಳಿಗಳಿಂದ. ಮುಂದಿನ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಅರಬರ ಹಡಗುಗಳಲ್ಲಿ ಕೆಂಪುಸಮುದ್ರವನ್ನು ದಾಟಿ, ಅಲೆಕ್ಸಾಂಡ್ರಿಯಾದಲ್ಲಿ ವೆನಿಸ್ಸಿನವರ ಕೈಸೇರಿ, ಅವರಿಂದ ಬ್ರೂಜಿಗೆ ಬರುವಷ್ಟರಲ್ಲಿ ಅದರ ಬೆಲೆಯು ಹಲವು ಮಡಿ ಏರುತ್ತಿದ್ದಿತು. ಮೆರವಣಿಗೆಯಲ್ಲಿ ವೆನಿಸ್ಸಿನವರ ಪಂಜುಗಳು ಮುಂದಾಗಿ ಉರಿದುದಕ್ಕೆ ಎಣ್ಣೆ ಎಲ್ಲಿಯದೆಂಬುದು ಇದರಿಂದ ತಿಳಿಯುತ್ತದೆ.

೫

ಜುಲೈ ೧೩ರಂದು ಚಾರ್ಲ್ಸನು ಬ್ರೂಜನ್ನು ಬಿಟ್ಟು ಹಾಲೆಂಡಿಗೆ ಹೊರಟನು. ಅದೇ ವರ್ಷದ ಅಕ್ಟೋಬರ್ ೩೦ರಂದು ಅವನ ಸೇನೆಯು ತನಗೆ ಎದುರುಬಿದ್ದ ಲಿಯೇಜ್ ನಗರವನ್ನು ಹೊಕ್ಕು ಸೂರೆಮಾಡಿ, ಸುಟ್ಟಿತು. ಮರುವರ್ಷದ ಜನವರಿಯಲ್ಲಿ ಗೆಂಟ್ ನಗರದ ಪ್ರಮುಖರು ಬ್ರಸೆಲ್ಸಿನ ಅರಮನೆಯ ಅಂಗಳದ ಹಿಮದಲ್ಲಿ ಕಾದುನಿಂತು, ಆಮೇಲೆ ಮೊಣಕಾಲೂರಿ, ತಮ್ಮ ಹಳೆಯ ಹಕ್ಕುಪತ್ರವನ್ನು ಒಪ್ಪಿಸಿ ಕ್ಷಮೆಬೇಡಿದರು. ಕಡುಬಿನ ಮೇಲೆ ಹೆಸರು ಬರೆಯಿಸಿಕೊಂಡ ಪಟ್ಟಣಗಳಿಗೆ ಆ ಬರೆಹದ ಅರ್ಥವು ಆರೇಳು ತಿಂಗಳೊಳಗೆ ಹೀಗೆ ವಿಶದವಾಯಿತು.

ಚಾರ್ಲ್ಸನ ಯುದ್ಧಗಳು ನಿಲ್ಲಲಿಲ್ಲ. ೧೪೭೭ನೆಯ ಜನವರಿ ೫ರಂದು ನಾನ್ಸಿ ಎಂಬಲ್ಲಿ, ಹಿಮದ ನಡುವೆ, ಸ್ವಿಸ್ ಪದಾತಿಗಳ ಮತ್ತು ಲೊರೇನಿನವರ ಎದುರಿನಲ್ಲಿ ಅವನು ಮಡಿದನು. ದೇಹವು ಎರಡು ದಿನಗಳ ಮೇಲೆ ದೊರೆಯಿತು. ಮೂವತ್ತು ಹಡಗುಗಳ ಮೇಲೆ ಬರೆದಿದ್ದ ಸೀಮೆಗಳಲ್ಲಿ ಬರ್ಗಂಡಿಯೇ ಮೊದಲಾಗಿ ಕೆಲವು ಫ್ರಾನ್ಸಿನ ದೊರೆಯ ಪಾಲಾದವು. ಉಳಿದವು ಇಪ್ಪತ್ತು ತುಂಬಿರದ ಮಗಳು ಮೇರಿಯ ಕೈಗೆ ಬಂದವು. ಪಟ್ಟಣಗಳು ಅವಳಿಂದ ತಮ್ಮ ಹಕ್ಕುಗಳನ್ನು ಹಿಂದಕ್ಕೆ ಪಡೆದುಕೊಂಡವು. ಮೇರಿಯೂ ೧೪೮೨ರಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಮೃತಳಾಗಿ, ಬ್ರೂಜಿನ ಮರಿಯಮ್ಮನ ದೇವಾಲಯದಲ್ಲಿ ಸಮಾಧಿಸ್ಥಳಾದಳು. ಔತಣದ ಮೆರವಣಿಗೆಯಲ್ಲಿ ಫ್ಲಾರೆನ್ಸಿನವರ ಮುಂದೆ ನಡೆದ ಪೋರ್ತಿನಾರಿಯಾದರೋ ಡ್ಯೂಕನಿಗೆ ಸಾಲದ ಮೇಲೆ ಸಾಲವನ್ನು ಕೊಟ್ಟಿದ್ದನು. ಸಾಲಗಾರನೇ ರಣದಲ್ಲಿ ಬಿದ್ದಮೇಲೆ ವಸೂಲಿಯೆಲ್ಲಿ? ೧೪೮೦ರ ಹೊತ್ತಿಗೆ ಮೆಡಿಚಿಯವರ ಬ್ರೂಜಿನ ಕೋಠಿಯ ವ್ಯವಹಾರವು ಭಾರಿಯ ನಷ್ಟದಲ್ಲಿ ಮುಗಿಯಿತು.

ಹೊನ್ನಿನ ಮರವನ್ನು ನೆಟ್ಟಿದ್ದ ಚೌಕವು ಇಪ್ಪತ್ತು ವರ್ಷಗಳ ಮೇಲೆ ಬೇರೆಯ ನೋಟವನ್ನು ಕಂಡಿತು. ೧೪೮೮ರ ಫೆಬ್ರವರಿಯಲ್ಲಿ ಬ್ರೂಜಿನ ಪ್ರಜೆಗಳು ಮೇರಿಯ ಗಂಡನಾದ ಮ್ಯಾಕ್ಸಿಮಿಲಿಯನ್ನನನ್ನು ಅದೇ ಚೌಕದ ಒಂದು ಮನೆಯಲ್ಲಿ ಸೆರೆಯಿಟ್ಟು, ಮೇ ತಿಂಗಳವರೆಗೆ ಬಿಡಲಿಲ್ಲ. ಅವನ ಪರವಾಗಿದ್ದ ಪೀಟರ್ ಲಾಂಖಾಲ್ಸ್ ಎಂಬ ಅಧಿಕಾರಿಯ ತಲೆಯನ್ನು ಆ ಚೌಕದಲ್ಲಿಯೇ ಹೊಡೆದರು. ಮ್ಯಾಕ್ಸಿಮಿಲಿಯನ್ನನು ಸೆರೆಯಿಂದ ಬಿಡುಗಡೆಹೊಂದಿ ಹೋದವನೇ ಪರದೇಶದ ವರ್ತಕರನ್ನು ಬ್ರೂಜ್ ಬಿಟ್ಟು ಆಂಟ್ವರ್ಪಿಗೆ ಹೋಗುವಂತೆ ಆಜ್ಞಾಪಿಸಿದನು. ಜ್ವಿನ್ ದಾರಿಯು ಮರಳಿನಿಂದ ಮೊದಲೇ ತುಂಬಿಕೊಳ್ಳುತ್ತಿದ್ದಿತು. ೧೪೯೮ರಲ್ಲಿ ವಾಸ್ಕೊ ದ ಗಾಮನು ಕಲ್ಲಿಕೋಟೆಯನ್ನು ಮುಟ್ಟಿದನು; ೧೫೦೧ರಲ್ಲಿ ಪೋರ್ಚುಗೀಸರ ಮೆಣಸಿನ ಹಡಗು ಬಂದು ನಿಂತುದು ಆಂಟ್ವರ್ಪಿನಲ್ಲಿ, ಬ್ರೂಜಿನಲ್ಲಲ್ಲ. ಭಾರತದ ಮೆಣಸು ದಾರಿಯನ್ನು ಬದಲಾಯಿಸಿದೊಡನೆ ಬ್ರೂಜಿನ ಭಾಗ್ಯದ ಬಾಗಿಲು ಮುಚ್ಚಿತೆಂದರೆ ಪೂರ್ತಿ ನಿಜವಲ್ಲದಿದ್ದರೂ ಸುಳ್ಳಲ್ಲ.

ಮಾರ್ಗರೇಟಳಿಗೆ ಮಕ್ಕಳಾಗಲಿಲ್ಲ. ಗಂಡನು ಸತ್ತಮೇಲೆಯೂ ಅವಳು ತೌರಿಗೆ ಹೋಗಿ ನೆಲೆಸಲಿಲ್ಲ. ಮಲಮಗಳ ಮದುವೆಯನ್ನು ನಿಂತು ನಡೆಸಿ, ಅವಳು ತೀರಿದಮೇಲೆ ಅವಳ ಮಕ್ಕಳ ಯೋಗಕ್ಷೇಮವನ್ನು ನೋಡಿಕೊಂಡು, ಮೆಖಲೆನ್ ಪಟ್ಟಣದಲ್ಲಿ ಬಾಳಿ, ೧೫೦೩ರಲ್ಲಿ ಮರಣಹೊಂದಿದಳು. ಹತ್ತು ದಿನದ ಆ ಮದುವೆಯಲ್ಲಿ ಕೊನೆಯವರೆಗೆ ಬಾಳಿಕೆಗೆ ಬಂದುದು ಯಾವುದೆಂದು ಕೇಳಿದರೆ, ಹಡಗೂ ಅಲ್ಲ, ತಿಮಿಂಗಿಲವೂ ಅಲ್ಲ. ಮಳೆಯಲ್ಲಿ ನೆನೆಯುತ್ತ ಪಲ್ಲಕ್ಕಿಯಲ್ಲಿ ಬಂದ ಈ ಹೆಣ್ಣುಮಗಳು ಹೊಕ್ಕಮನೆಗೆ ತೋರಿಸಿದ ನಿಷ್ಠೆಯೊಂದೇ ಎನ್ನಬೇಕು.

ವ್ಯಾಪಾರವು ಬಿಟ್ಟುಹೋದುದರಿಂದ ಬ್ರೂಜ್ ಬಡವಾಯಿತು. ಬಡವಾದುದರಿಂದಲೇ ಹಳೆಯ ಮನೆಗಳನ್ನು ಕೆಡವಿ ಹೊಸದನ್ನು ಕಟ್ಟುವ ಶಕ್ತಿಯಿಲ್ಲದೆ ಇದ್ದಂತೆಯೇ ಉಳಿಯಿತು. ೨೦೦೦ದಲ್ಲಿ ವಿಶ್ವಸಂಸ್ಥೆಯ ಯುನೆಸ್ಕೊ ಅಂಗವು ಆ ಹಳೆಯ ಊರನ್ನು ಲೋಕದ ಪರಂಪರೆಯ ಸ್ಥಾನಗಳಲ್ಲಿ ಸೇರಿಸಿತು. ಪ್ರಿನ್ಸೆನ್‌ಹೋಫ್ ಇದ್ದ ಸ್ಥಳದಲ್ಲಿ ಈಗ ಸಿರಿವಂತ ಪ್ರವಾಸಿಗಳು ತಂಗುವ ಹೋಟೆಲೊಂದು ನಡೆಯುತ್ತದೆ. ಸಾರಥಿಯುಳ್ಳ ಮೋಟಾರುಗಾಡಿಗಳು ಅತಿಥಿಗಳನ್ನು ತಂದಿಳಿಸುತ್ತವೆ. ಹಣವುಳ್ಳವರು ಯಾರಾದರೂ ಅಲ್ಲಿ ಕುಳಿತು ಉಣ್ಣಬಹುದು, ಲಾಂಛನವನ್ನು ಕೇಳುವವರಿಲ್ಲ. ೧೯೫೮ರಿಂದ ಮೊದಲ್ಗೊಂಡು ಕೆಲವು ವರ್ಷಗಳಿಗೊಮ್ಮೆ ಊರಿನ ಜನರೇ ಹೊನ್ನಿನ ಮರದ ಮೆರವಣಿಗೆಯನ್ನು ನಡೆಸಿ ಮಾರ್ಗರೇಟಳ ಪ್ರವೇಶವನ್ನು ನೆನೆಯುತ್ತ ಬಂದಿದ್ದಾರೆ. ಅಂದು ತೊಟ್ಟಿಯ ಬಳಿ ನಿಂತು ಕುಡಿದವರ ಸಂತತಿಯವರು ಇಂದು ಡ್ಯೂಕನ ವೇಷವನ್ನು ತೊಡುತ್ತಾರೆ.

ಆ ಊರಿನ ಕಾಲುವೆಗಳಲ್ಲಿ ಹಂಸಗಳು ತೇಲುತ್ತವೆ. ಅವುಗಳ ವಿಷಯದಲ್ಲಿ ಒಂದು ಐತಿಹ್ಯವುಂಟು. ಲಾಂಖಾಲ್ಸ್ ಎಂಬ ಹೆಸರಿಗೆ ಉದ್ದಕೊರಳೆಂದು ಅರ್ಥ. ಅವನನ್ನು ಕೊಂದುದಕ್ಕೆ ಪ್ರಾಯಶ್ಚಿತ್ತವಾಗಿ ಊರಿನವರು ಉದ್ದಕೊರಳಿನ ಹಕ್ಕಿಗಳನ್ನು ಎಂದೆಂದಿಗೂ ಸಾಕಬೇಕೆಂದು ಮ್ಯಾಕ್ಸಿಮಿಲಿಯನ್ನನು ವಿಧಿಸಿದನಂತೆ. ಇದು ಕಥೆಯೇ ಹೊರತು ದಾಖಲೆಯಲ್ಲ. ಆದರೂ ಅರಸರ ಮೇಜಿನ ಮೇಲೆ ಬೇಯುತ್ತಿದ್ದ ಹಕ್ಕಿಯು ಇಂದು ಊರಿನ ನೀರಿನಲ್ಲಿ ಯಾರ ಭಯವೂ ಇಲ್ಲದೆ ಈಜುತ್ತಿದೆಯೆಂಬುದು ಕಣ್ಣಿಗೆ ಕಾಣುವ ಸತ್ಯ. ಉಣಿಸಿದವನ ಹೆಸರು ಉಳಿಯುವುದು ಬಡಿಸಿದ ಪಾತ್ರೆಯ ಚಿನ್ನದಿಂದಲ್ಲ, ಉಂಡವರ ಮನಸ್ಸಿನ ತೃಪ್ತಿಯಿಂದ. ಬಾಗಿಲ ಹೊರಗೆ ನಿಂತವರ ತೃಪ್ತಿಯನ್ನು ಲೆಕ್ಕಕ್ಕೆ ಹಿಡಿಯದ ಔತಣವು ಎಷ್ಟೇ ದೊಡ್ಡದಾದರೂ, ಅದು ಊಟವಾಗದೆ ಬ್ರೂಜಿನ ಅಟ್ಟಣೆಯ ಪಾತ್ರೆಗಳಂತೆ ಬರಿಯ ನೋಟವಾಗಿಯೇ ನಿಲ್ಲುತ್ತದೆ.